ದಕ್ಕೆಯ ಮುರಿದ ಮೆಟ್ಟಿಲು ಮತ್ತು ನಮ್ಮ ಕೇರಿಯ ನೌಕಾಪಡೆ ಅಧಿಕಾರಿಯ ಸಾವು: ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪಟ್ಟಣ ಪಂಚಾಯಿತಿ ಕಾರ್ಯಾಲಯ

ಇವರಿಂದ,
ಅಳಿವೆ ಕೇರಿ ಹಾಗೂ ದಕ್ಕೆ ರಸ್ತೆಯ ಸಮಸ್ತ ನಿವಾಸಿಗಳು

ವಿಷಯ: ದೋಣಿಗಳು ನಿಲ್ಲುವ ದಕ್ಕೆಯ ಮೆಟ್ಟಿಲು, ಕೈಹಿಡಿ ಕಂಬಿ ಮತ್ತು ದೀಪ ದುರಸ್ತಿ ಮಾಡಿಸುವ ಬಗ್ಗೆ, ಅಲ್ಲಿ ನೀರುಪಾಲಾದ ಯುವ ನೌಕಾಪಡೆ ಅಧಿಕಾರಿಯ ಹೆಸರಿನಲ್ಲಿ ಕೊಟ್ಟ ಮಾತು ನೆನಪಿಸುವ ಬಗ್ಗೆ.

ಉಲ್ಲೇಖ: ಇದೇ ವಿಷಯದಲ್ಲಿ ನಾವು ಈ ಹಿಂದೆ ಸಲ್ಲಿಸಿದ, ಮತ್ತು ತಮ್ಮ ಕಚೇರಿಯಲ್ಲಿ ‘ಸಿಗುತ್ತಿಲ್ಲ’ ಎನ್ನಲಾದ ಎಲ್ಲ ಮನವಿಗಳು.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಕೇರಿಯ ಹುಡುಗ, ಭಾರತೀಯ ನೌಕಾಪಡೆಯ ಲೆಫ್ಟಿನೆಂಟ್, ಚೌತಿ ಹಬ್ಬಕ್ಕೆ ರಜೆಯಲ್ಲಿ ಬಂದಿದ್ದಾಗ ದಕ್ಕೆಯಲ್ಲಿ ಕಾಲು ಜಾರಿ ನೀರುಪಾಲಾಗಿ ಬರುವ ಚೌತಿಗೆ ಎರಡು ವರ್ಷ ತುಂಬುತ್ತದೆ. ಅವನು ಜಾರಿದ ಮೆಟ್ಟಿಲು ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ. ಅದರ ಕೆಳಗಿನದೂ ಈ ಮಳೆಗಾಲದಲ್ಲಿ ಕಿತ್ತುಹೋಗಿದೆ.

ತಾವು ದಕ್ಕೆಗೆ ಬಂದವರಲ್ಲವಾದ್ದರಿಂದ ಬರೆದು ತಿಳಿಸುತ್ತೇವೆ. ಮೇಲಿನಿಂದ ನಾಲ್ಕನೆಯ ಮೆಟ್ಟಿಲು ಅದು. ಕಾಂಕ್ರೀಟು ಒಡೆದು ಒಳಗಿನ ಸರಳು ತುಕ್ಕು ಹಿಡಿದು ಹೊರಗೆ ಚಾಚಿದೆ. ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಜಾಗವಾದ್ದರಿಂದ ಅದರ ಮೈತುಂಬ ಹಸಿರು ಪಾಚಿ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಅದರ ಮೇಲೆ ಕಾಲಿಡುವುದೇ ಇಲ್ಲ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಐದನೆಯದು ಕಿತ್ತುಹೋಗುವವರೆಗೂ ಮೂರನೆಯದರಿಂದ ನೇರ ಅದಕ್ಕೇ ಇಳಿಯುತ್ತಿದ್ದರು. ಹಬ್ಬಕ್ಕೆ ಬಂದವನಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಕತ್ತಲಾಗಿತ್ತು. ಕಂಬವಿತ್ತು, ಕಂಬದಲ್ಲಿ ದೀಪವಿರಲಿಲ್ಲ. ಕಂಬಿ ಇರಬೇಕಾದಲ್ಲಿ ಕಂಬಿ ಕಿತ್ತ ತೂತುಗಳಿದ್ದವು.

ಪೊಲೀಸರು ಆಕಸ್ಮಿಕ ಸಾವು ಎಂದು ದಾಖಲಿಸಿದರು. ಜಾರಿದ್ದು ಆಕಸ್ಮಿಕವೆಂದು ನಾವೂ ಒಪ್ಪುತ್ತೇವೆ. ಮೆಟ್ಟಿಲು ಮುರಿದೇ ಇದ್ದದ್ದು ಯಾವ ಆಕಸ್ಮಿಕ? ಅದರ ಬಗ್ಗೆ ಆ ಘಟನೆಗೂ ಮೊದಲೇ ತಮ್ಮ ಕಚೇರಿಗೆ ಅರ್ಜಿ ಕೊಟ್ಟಿದ್ದೆವು. ಮೊಹರು ಒತ್ತಿದ ಪ್ರತಿ ನಮ್ಮ ಬಳಿ ಇದೆ.

ಅವನು ಯಾರೆಂದು ಕಡತಕ್ಕೆ ಗೊತ್ತಿರಲಿಕ್ಕಿಲ್ಲ. ಅವನ ಅಜ್ಜ ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ದೋಣಿಯ ತಂಡೇಲರಾಗಿ, ಅಂದರೆ ಮುಖ್ಯಸ್ಥರಾಗಿದ್ದವರು. ಹುಡುಗ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿ, ಕೇರಳದ ಏಳಿಮಲದಲ್ಲಿರುವ ನೌಕಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ, ನಮ್ಮ ಕೇರಿಯಿಂದ ಸೇನೆಯ ಅಧಿಕಾರಿಯಾದ ಮೊದಲಿಗ. ಊರಿಗೆ ಬಂದರೆ ಬಿಳಿ ಸಮವಸ್ತ್ರ ತೋರಿಸಿಕೊಂಡು ತಿರುಗಿದವನಲ್ಲ. ಲುಂಗಿಯುಟ್ಟು ಬಲೆ ಹೆಣೆಯುವ ಚಪ್ಪರದಲ್ಲಿ ಹಿರಿಯರ ಪಕ್ಕ ಕುಳಿತು ನೂಲು ಸುತ್ತುತ್ತಿದ್ದ. ಪಿಯುಸಿ ಹುಡುಗರನ್ನು ಹಿಡಿದು ಕೂರಿಸಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಅರ್ಜಿ ತುಂಬಿಸುತ್ತಿದ್ದ. ಅವರಲ್ಲೊಬ್ಬ ಈಗ ಲಿಖಿತ ಪರೀಕ್ಷೆ ದಾಟಿದ್ದಾನೆ, ಹೇಳೋಣವೆಂದರೆ ಹೇಳಬೇಕಾದವನಿಲ್ಲ. ಶವ ಸಿಕ್ಕಿದ್ದು ಮರುದಿನ ನಸುಕಿನಲ್ಲಿ, ನಮ್ಮ ಮೀನುಗಾರರಿಗೇ, ಹೊಳೆ ಕಡಲು ಸೇರುವ ಅಳಿವೆಯ ಆಚೆಯ ಬಂಡೆಯ ಹತ್ತಿರ. ನೌಕಾಪಡೆಯವರು ಬಂದು ಗೌರವ ಸಲ್ಲಿಸಿ, ಹೊದಿಸಿದ್ದ ಧ್ವಜವನ್ನು ಮಡಚಿ ತಾಯಿಯ ಕೈಗಿತ್ತರು. ಯಾರೂ ಹೇಳದೆ ಅಂದು ಮೀನು ಮಾರುಕಟ್ಟೆ ಮುಚ್ಚಿತ್ತು.

ಇಷ್ಟಾದ ಮೇಲೆ ತಮ್ಮ ಕಚೇರಿಯ ಒಬ್ಬ ಸಿಬ್ಬಂದಿ ನಮ್ಮ ಮುಂದೆಯೇ ಕೇಳಿದ ಪ್ರಶ್ನೆ ಇದು: “ನೇವಿಯವನಿಗೆ ಈಜು ಬರುತ್ತಿರಲಿಲ್ಲವೇ?” ಕೇಳಿ ನಕ್ಕರು ಕೂಡ. ಆ ನಗು ನಾವು ಮರೆತಿಲ್ಲ. ಉತ್ತರ ಬೇಕಿದ್ದರೆ ತೆಗೆದುಕೊಳ್ಳಿ: ಸರಳಿಗೆ ತಲೆ ಬಡಿದು ಎಚ್ಚರ ತಪ್ಪಿದವನಿಗೆ ಯಾವ ಈಜೂ ಇಲ್ಲ. ಮಳೆಗಾಲದ ಕೊನೆಯಲ್ಲಿ ಹೊಳೆ ತುಂಬಿರುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಮತ್ತು ಕಡಲಿನ ಸೆಳೆತ ಒಂದೇ ದಿಕ್ಕಿಗೆ ಕೂಡಿ ಅಳಿವೆಯ ಕಿರಿದಾದ ಬಾಯಿಯಲ್ಲಿ ನುಗ್ಗುತ್ತವೆ. ಆ ಸೆಳೆತ ಕೆಳಗೆ ಮುಳುಗಿಸುವುದಿಲ್ಲ, ಹೊರಗೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿ ದಡ ಸೇರುವುದು ಎಚ್ಚರವಿರುವ ಗಟ್ಟಿಗನಿಗೂ ಕಷ್ಟ. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರ್ (ಎಂಜಿನ್ ಇರುವ ಹಾರುವ ಪ್ಯಾರಾಶೂಟ್) ಸಮುದ್ರಕ್ಕೆ ಬಿದ್ದು ತೀರಿಕೊಂಡವರು ನೌಕಾಪಡೆಯ ಕ್ಯಾಪ್ಟನ್. ಅವರಿಗೂ ಈಜು ಬರುತ್ತಿರಲಿಲ್ಲ ಎನ್ನುವಿರಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡಲು ಪಾಠ ಕಲಿಸದೆ ಬಿಟ್ಟಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಕಡಲು ಸೆಳೆದುಕೊಂಡಿತು. ಪ್ರತಿ ಬಾರಿಯೂ ಸಭೆ, ಪ್ರತಿ ಬಾರಿಯೂ ಸೂಚನೆ. ನಮ್ಮ ದಕ್ಕೆಯವರೆಗೆ ತಲುಪಿದ ಸೂಚನೆ ಯಾವುದು, ತೋರಿಸಿ.

ಇನ್ನು ನಮ್ಮ ಮನವಿಗಳ ಕಥೆ. ಮೊದಲ ಮನವಿಗೆ ‘ಪರಿಶೀಲಿಸಲಾಗುವುದು’ ಎಂದಿರಿ. ಅದಾದ ಮೇಲೆ ದಕ್ಕೆ ನಮ್ಮದಲ್ಲ, ಬಂದರು ಕಚೇರಿಯದು ಎಂದಿರಿ. ಬಂದರು ಕಚೇರಿಯವರು ಮೀನುಗಾರಿಕೆಯವರತ್ತ ಕೈ ತೋರಿಸಿದರು, ಅವರು ಮೆಟ್ಟಿಲು ರಸ್ತೆಗೆ ಸೇರಿದ್ದು ಎಂದು ಮತ್ತೆ ತಮ್ಮಲ್ಲಿಗೇ ಕಳಿಸಿದರು. ಇಷ್ಟರಲ್ಲಿ ಕಡತ ನಡೆಸುತ್ತಿದ್ದ ಗುಮಾಸ್ತರಿಗೆ ವರ್ಗವಾಯಿತು. ಬಂದ ಹೊಸಬರು ಹೊಸ ಅರ್ಜಿ ಕೇಳಿದರು. ಕೊಟ್ಟೆವು. ಅಳತೆಗೆಂದು ಎಂಜಿನಿಯರ್ ಬಂದರು, ಟೇಪಿನ ಒಂದು ತುದಿಯನ್ನು ನಮ್ಮ ಹುಡುಗನ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡರು, ಎಳನೀರು ಕುಡಿದು ಹೋದರು. ಅಂದಾಜು ಪಟ್ಟಿ ‘ಮೇಲೆ ಹೋಗಿದೆ’ ಎಂಬ ಮಾತು ಹಲವು ತಿಂಗಳು ನಡೆಯಿತು. ಮಾಹಿತಿ ಹಕ್ಕಿನಲ್ಲಿ ಕೇಳಿದೆವು. 2005ರ ಕಾಯ್ದೆ 30 ದಿನ ಎನ್ನುತ್ತದೆ. ಅದು ದಾಟಿ ಎಷ್ಟೋ ದಿನಕ್ಕೆ ಬಂದ ಉತ್ತರದಲ್ಲಿದ್ದುದು ಒಂದೇ ಸಾಲು: ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ. ಸಹಿ ಮಾತ್ರ ಬಹಳ ಸುಂದರವಾಗಿತ್ತು. ಜನಸ್ಪಂದನ ಸಭೆಯಲ್ಲಿ ಟೋಕನ್ ಹಿಡಿದು ನಿಂತೆವು, ನಮ್ಮ ಸರದಿ ಬರುವಾಗ ಸಾಹೇಬರಿಗೆ ಬೇರೆ ಕಾರ್ಯಕ್ರಮವಿತ್ತು.

ಕೊನೆಯ ನೆಪ ಸಿಆರ್‌ಝೆಡ್. ಕರಾವಳಿ ನಿಯಂತ್ರಣ ವಲಯದಲ್ಲಿ ನಿರ್ಮಾಣಕ್ಕೆ ಅನುಮತಿ ಸಿಗುವುದಿಲ್ಲವಂತೆ. ನಾವು ಕೇಳುತ್ತಿರುವುದು ಹೊಸ ನಿರ್ಮಾಣವಲ್ಲ, ಇದ್ದ ಮೆಟ್ಟಿಲನ್ನು ಇದ್ದ ಜಾಗದಲ್ಲೇ ಸರಿಪಡಿಸುವುದು. ದಕ್ಕೆಯಂಥ, ನೀರಂಚಿನಲ್ಲೇ ಇರಬೇಕಾದ ಕೆಲಸಗಳಿಗೆ ಅಧಿಸೂಚನೆಯಲ್ಲೇ ಅವಕಾಶವಿದೆ. ಅದೇ ದಕ್ಕೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ರೆಸಾರ್ಟಿನ ಕಾಂಕ್ರೀಟು ಗೋಡೆ ಮರಳಿನಿಂದ ಎದ್ದು ನಿಂತಿದೆಯಲ್ಲ, ಅದಕ್ಕೆ ಯಾವ ವಲಯದ ನಿಯಮ? ಮೀನು ಒಣಗಿಸುತ್ತಿದ್ದ ಜಾಗಕ್ಕೆ ಬೇಲಿ ಬಿದ್ದಾಗ ತಮಗೆ ಯಾವ ಅಧಿಸೂಚನೆಯೂ ನೆನಪಾಗಲಿಲ್ಲ.

ಶ್ರದ್ಧಾಂಜಲಿ ಸಭೆಯ ದಿನ ತಮ್ಮವರೇ ವೇದಿಕೆ ಹತ್ತಿ ದಕ್ಕೆ ರಸ್ತೆಗೆ ಅವನ ಹೆಸರು, ತಿರುವಿನಲ್ಲಿ ಸ್ಮಾರಕ ಎಂದು ಘೋಷಿಸಿದರು. ಕಟ್ಟಿದ ಫ್ಲೆಕ್ಸಿನಲ್ಲಿ ಅವನ ಮುಖಕ್ಕಿಂತ ನಾಯಕರ ಮುಖಗಳು ದೊಡ್ಡದಾಗಿದ್ದವು, ನೌಕಾಪಡೆಯ ಧ್ಯೇಯವಾಕ್ಯ ‘ಶಂ ನೋ ವರುಣಃ’ ಅಕ್ಷರ ತಪ್ಪಾಗಿ ಮುದ್ರಣವಾಗಿತ್ತು. ಗುದ್ದಲಿ ಪೂಜೆಯೂ ಆಯಿತು. ಆ ಗುಂಡಿಯಲ್ಲೀಗ ಪಂಚಾಯಿತಿಯ ಕಸದ ಗಾಡಿ ಒಯ್ಯದೆ ಬಿಟ್ಟ ಕಸ ತುಂಬಿದೆ, ರಾತ್ರಿ ನಾಯಿಗಳು ಅದನ್ನು ರಸ್ತೆಗೆ ಎಳೆಯುತ್ತವೆ. ಅವನ ತಾಯಿ ಪ್ರತಿದಿನ ಮೀನು ಮಾರಲು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಅವರು ನಮಗೆ ಹೇಳಿರುವುದು ಇಷ್ಟೇ: “ಮೂರ್ತಿಗೀರ್ತಿ ಬೇಡ, ಆ ಮೆಟ್ಟಿಲು ಕಟ್ಟಿಸಿ.” ಹೀಗಾಗಿ ಸ್ಮಾರಕಕ್ಕೆ ಹಣವಿಲ್ಲವೆಂಬ ಚಿಂತೆ ತಮಗೆ ಬೇಡ. ಗುಂಡಿ ಮುಚ್ಚಿ, ಆ ಹಣವನ್ನು ಮೆಟ್ಟಿಲಿಗೆ ಹಾಕಿ.

ಹೇಳಹೊರಟರೆ ದಕ್ಕೆ ಒಂದೇ ಅಲ್ಲ. ಮೇಲಿನ ಕೇರಿಯ ಚರಂಡಿ ನೇರ ಅಳಿವೆಗೆ ಬಂದು ಬೀಳುತ್ತಿದೆ. ಬಾವಿಗಳಲ್ಲಿ ಮಾರ್ಚ್ ಬಂತೆಂದರೆ ಉಪ್ಪು ನೀರು. ನಲ್ಲಿಯಲ್ಲಿ ಬರುವುದು ಗಾಳಿ. ಮೀನು ಮಾರುಕಟ್ಟೆಯ ಹೆಂಗಸರ ಶೌಚಾಲಯಕ್ಕೆ ಉದ್ಘಾಟನೆಯ ದಿನ ಹಾಕಿದ ಬೀಗ ಹಾಗೆಯೇ ಇದೆ. ಕಡಲಕೊರೆತಕ್ಕೆ ಸುರಿದ ಕಲ್ಲುಗಳಲ್ಲಿ ಅರ್ಧ ಎಲ್ಲಿ ಹೋದವೆಂದು ಕಡಲಿಗೂ ಗೊತ್ತಿಲ್ಲ. ಮನೆ ಕರದ ನೋಟಿಸು ಮಾತ್ರ ಒಂದು ದಿನವೂ ತಡವಾಗದೆ, ದಾರಿ ತಪ್ಪದೆ ನಮ್ಮ ಮನೆಗಳಿಗೆ ಬರುತ್ತದೆ. ನೋಟಿಸು ತರುವವರು ಹಗಲಲ್ಲಿ ಬರುತ್ತಾರೆ, ದೀಪ ಬೇಕಾಗುವುದಿಲ್ಲ.

ಆದ್ದರಿಂದ, ಎಲ್ಲಕ್ಕೂ ಮೊದಲು ಮುರಿದ ಮೆಟ್ಟಿಲು ಒಡೆದು ಇದ್ದ ಜಾಗದಲ್ಲೇ ಗಟ್ಟಿಯಾಗಿ ಮತ್ತೆ ಕಟ್ಟಿಸಬೇಕು; ತೇಪೆ ಬೇಡ, ಒಂದು ಮಳೆಗಾಲಕ್ಕೆ ಎದ್ದುಹೋಗುತ್ತದೆ. ಎರಡೂ ಕಡೆ ತುಕ್ಕು ಹಿಡಿಯದ ಕಂಬಿ, ಕಂಬಕ್ಕೆ ದೀಪ, ಮತ್ತು ಆ ದೀಪ ಕೆಟ್ಟರೆ ಯಾರಿಗೆ ಹೇಳಬೇಕೆಂಬುದು ಬರಹದಲ್ಲಿ ಬೇಕು. ಈಗ ದಕ್ಕೆಯಲ್ಲಿ ಹಗ್ಗ ಕಟ್ಟಿ ತೂಗುಹಾಕಿರುವ ಲಾರಿ ಟಯರಿನ ಟ್ಯೂಬು ನಮ್ಮ ಮೀನುಗಾರ ಹುಡುಗರದು. ಅದರ ಜಾಗದಲ್ಲಿ ಸರಿಯಾದ ಲೈಫ್ ರಿಂಗ್ ಮತ್ತು ಉದ್ದದ ಹಗ್ಗ ಇಡಿಸಿ. ಇಳಿತದ ಸೆಳೆತದ ಬಗ್ಗೆ ಕನ್ನಡದಲ್ಲಿ ಒಂದು ಫಲಕ, ಅದರಲ್ಲಿ ಕರಾವಳಿ ರಕ್ಷಣಾ ಪಡೆಯ 1554 ಮತ್ತು ತುರ್ತು ಸಂಖ್ಯೆ 112 ಇರಲಿ. ಯಾವ ನಾಯಕರ ಫೋಟೊವೂ ಇರದಿರಲಿ. ಪ್ರವಾಸಿಗರು ಹೆಚ್ಚುವ ರಜಾದಿನಗಳಲ್ಲಿ ಅಳಿವೆಯ ಬಳಿ ಜೀವರಕ್ಷಕರನ್ನು ನಿಲ್ಲಿಸಿ. ಕಡಲು ಬಲ್ಲ ಹುಡುಗರು ನಮ್ಮ ಕೇರಿಯಲ್ಲೇ ಕೆಲಸವಿಲ್ಲದೆ ಇದ್ದಾರೆ.

ಚೌತಿಗೆ ಮೊದಲು ಕೆಲಸ ಆರಂಭವಾಗದಿದ್ದರೆ ಕೇರಿಯಲ್ಲಿ ವಂತಿಗೆ ಎತ್ತಿ ಮೆಟ್ಟಿಲನ್ನು ನಾವೇ ಕಟ್ಟುತ್ತೇವೆ, ಖರ್ಚನ್ನು ಮನೆ ಕರದಲ್ಲಿ ಮುರಿದುಕೊಳ್ಳುತ್ತೇವೆ. ಆಗ ಸಿಆರ್‌ಝೆಡ್ ನೋಟಿಸು ಹಿಡಿದು ತಾವು ಖಂಡಿತ ದಕ್ಕೆಗೆ ಬರಬಹುದು. ನಾಲ್ಕನೆಯ ಮೆಟ್ಟಿಲನ್ನು ಆ ನೆಪದಲ್ಲಾದರೂ ನೋಡಿದಂತಾಗುತ್ತದೆ.

ಈ ಮನವಿಗೆ ಸ್ವೀಕೃತಿ ಸಂಖ್ಯೆ ಬರೆದು ಮೊಹರು ಒತ್ತಿ ಕೊಡಬೇಕು. ‘ನಾಳೆ ಬನ್ನಿ’ ಎನ್ನಬಾರದಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಅಳಿವೆ ಕೇರಿ ಹಾಗೂ ದಕ್ಕೆ ರಸ್ತೆಯ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳನ್ನು ಪ್ರತ್ಯೇಕ ಹಾಳೆಗಳಲ್ಲಿ ಲಗತ್ತಿಸಿದೆ)

ಲಗತ್ತು: ಮೆಟ್ಟಿಲಿನ ಹಗಲು ಮತ್ತು ರಾತ್ರಿಯ ಫೋಟೊಗಳು (ರಾತ್ರಿಯದರಲ್ಲಿ ಏನೂ ಕಾಣುವುದಿಲ್ಲ), ಹಳೆಯ ಅರ್ಜಿಗಳ ಮೊಹರು ಸಹಿತ ಪ್ರತಿಗಳು.

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕ್ಷೇತ್ರದ ಶಾಸಕರಿಗೆ, ಸ್ಥಳೀಯ ಪತ್ರಕರ್ತರಿಗೆ.