ಮಗಳಿಗೊಂದು ಪತ್ರ: ಅಜ್ಜನ ಕಾಫಿ ಚೀಲ

ಪ್ರೀತಿಯ ಪುಟ್ಟಿ,

ಭಾನುವಾರ ನೀನು ಅರ್ಧ ಊಟಕ್ಕೆ ಎದ್ದು ಹೋದೆ. "ಸರ್ಕಾರ ಅಂದ್ರೆ ನಿಮಗೆ ಯಾಕಪ್ಪಾ ಇಷ್ಟು ಸಿಟ್ಟು? ಇನ್ನು ಮೇಲೆ ನಾನೂ ಸರ್ಕಾರವೇ ಅಲ್ವಾ?" ಅಂದೆ. ಆಗ ಉತ್ತರ ಹೊಳೆಯಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಮತ್ತೆ ಜಗಳವೇ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೆಎಎಸ್ ಪಟ್ಟಿಯಲ್ಲಿ ನಿನ್ನ ಹೆಸರು ಬಂದ ದಿನ ಸಕಲೇಶಪುರದ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವನು ನಾನು. ನೀನು ಲಂಚ ಮುಟ್ಟುವವಳಲ್ಲ, ಅದು ನನಗೆ ಗೊತ್ತು. ನನ್ನ ಭಯ ಬೇರೆ.

ಅಜ್ಜನ ಕಾಫಿ ಚೀಲದ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ನೀನು ಹುಟ್ಟುವ ಹೊತ್ತಿಗೆ ಆ ಕಾಲ ಮುಗಿದಿತ್ತು. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದ ಕಾಫಿಯೆಲ್ಲ ಪೂಲ್‌ಗೆ, ಅಂದರೆ ಕಾಫಿ ಬೋರ್ಡಿನ ಒಟ್ಟು ಸಂಗ್ರಹಕ್ಕೆ ಹೋಗಬೇಕಿತ್ತು. ಯುದ್ಧ ಬಂದು ಯುರೋಪಿನ ಮಾರುಕಟ್ಟೆ ಕೈತಪ್ಪಿತ್ತು, ಬೆಳೆಗಾರ ಉಳಿದುಕೊಳ್ಳಲಿ ಅಂತ ಮಾಡಿದ ವ್ಯವಸ್ಥೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಯುದ್ಧ ಮುಗಿದ ಮೇಲೂ ಅದು ಹೋಗಲಿಲ್ಲ. ಪೂರ್ತಿ ಬಿಡುಗಡೆ ಸಿಕ್ಕಿದ್ದು 1996ರಲ್ಲಿ. ಅಲ್ಲಿಯವರೆಗೆ ನಮ್ಮ ಕಣದಲ್ಲಿ ಒಣಗಿದ ಕಾಫಿಯನ್ನು ಯಾರಿಗೆ, ಎಷ್ಟಕ್ಕೆ ಮಾರಬೇಕು ಅನ್ನುವುದು ನಮ್ಮ ಕೈಯಲ್ಲಿರಲಿಲ್ಲ. ಸಿಪ್ಪೆ ತೆಗೆದು ಹಸನು ಮಾಡುವ ಕ್ಯೂರಿಂಗ್‌ಗೆ ಕೊಟ್ಟು ಬರುವುದು, ಕಾಫಿಯ ದರ್ಜೆ ನೋಡಿ ಹಾಕುವ ಪಾಯಿಂಟ್ ಲೆಕ್ಕದ ದುಡ್ಡು ಕಂತುಕಂತಾಗಿ ಬರುವುದನ್ನು ಕಾಯುವುದು, ಅಷ್ಟೇ. ಮನೆ ಖರ್ಚಿಗೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು.

ಆ ಮನೆ ಖರ್ಚಿನ ಕಾಫಿಯಲ್ಲೇ ಉಳಿಸಿ, ಅರಸೀಕೆರೆಯ ನಿನ್ನ ದೊಡ್ಡತ್ತೆಯ ಗೃಹಪ್ರವೇಶಕ್ಕೆ ಅಂತ ಅಜ್ಜ ಒಂದು ಸಣ್ಣ ಚೀಲ ಕಟ್ಟಿದರು. ತವರಿನ ಕಾಫಿ. ಜೊತೆಗೆ ನಾನು, ಇನ್ನೂ ಚಡ್ಡಿ ಹಾಕುವ ಹುಡುಗ. ದಾರಿಯಲ್ಲಿ ಒಂದು ಚೆಕ್‌ಪೋಸ್ಟ್‌ನಲ್ಲಿ ಬಸ್ ನಿಲ್ಲಿಸಿದರು. ಕಾಫಿ ಸಾಗಿಸುವ ಪರ್ಮಿಟ್ ಕೇಳಿದರು. ಇರಲಿಲ್ಲ. ಚೀಲ ಇಳಿಸುವಾಗ ಬಾಯಿ ಬಿಚ್ಚಿಕೊಂಡು ಕಾಳು ರಸ್ತೆಗೆ ಚೆಲ್ಲಿತು. ಬಸ್ಸಿನವರೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದರು. ಅಜ್ಜ ಪಂಚೆ ಎತ್ತಿ ಕಟ್ಟಿ, ಕೂತು, ಕಾಳು ಆರಿಸತೊಡಗಿದರು. ಆಗ ಆ ಅಧಿಕಾರಿ ಹೇಳಿದ, "ಬಿಡಿ ಯಜಮಾನರೇ, ಅದೀಗ ನಿಮ್ಮದಲ್ಲ."

ಇಲ್ಲಿಯವರೆಗೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ಆತ ಒಳ್ಳೆಯವನು. ನಿನ್ನ ವಯಸ್ಸೇ ಇದ್ದಿರಬೇಕು. ಗದರಲಿಲ್ಲ, ದುಡ್ಡು ಕೇಳಲಿಲ್ಲ, ತೂಕ ಮಾಡಿ ಸರಿಯಾಗಿ ರಸೀದಿ ಬರೆದ. ಮುಂದಿನ ಬಸ್ಸಿಗೆ ಕಾಯುವಾಗ ನನಗೆ ತನ್ನ ಬುತ್ತಿಯ ಚಿತ್ರಾನ್ನ ಕೊಟ್ಟ. ನಾನು ತಿಂದೆ. ಅಜ್ಜ ಒಂದು ಮಾತೂ ಆಡಲಿಲ್ಲ.

ಆ ಹುಡುಗ ಕೆಟ್ಟವನಾಗಿದ್ದರೆ ನಾನು ಯಾವಾಗಲೋ ಮರೆಯುತ್ತಿದ್ದೆ ಪುಟ್ಟಿ. ಲಂಚ ಕೇಳಿದ್ದರೆ ಬೈದುಕೊಂಡು ಕೊಟ್ಟು, ಚೀಲ ತಗೊಂಡು ಹೋಗುತ್ತಿದ್ದೆವು. ಪ್ರಾಮಾಣಿಕ ಮನುಷ್ಯನೊಬ್ಬ, ತಾನು ಸರಿ ಅಂತ ನಂಬಿಕೊಂಡೇ, ಬೆಳೆದವನ ಕಾಫಿಯನ್ನು ಬೆಳೆದವನದಲ್ಲ ಅಂದ. ಅವನ ಕೈಯಲ್ಲಿ ಅಷ್ಟು ಅಧಿಕಾರ ಇತ್ತು. ಒಂದು ಚೀಲ ತಾನೇ, ಮಗಳ ಮನೆಗೆ ತಾನೇ, ಹೋಗಲಿ ಅನ್ನಲು ಅವನಿಂದ ಆಗಲಿಲ್ಲ. ನಿನ್ನನ್ನು ಆ ಮೇಜಿನ ಹಿಂದೆ ನೆನೆಸಿಕೊಂಡರೆ ನನಗೆ ಕಾಣುವುದು ಅವನ ಮುಖವೇ. ನಿನ್ನ ಹಾಗೆಯೇ ಮೃದು ಮಾತಿನವನು. ಈಗ ಹೇಳು, ನನಗೆ ನಿದ್ದೆ ಹೇಗೆ ಬರಬೇಕು?

ಅಜ್ಜ ಸ್ವತಂತ್ರ ಪಕ್ಷದವರು. 1959ರಲ್ಲಿ ಕಾಂಗ್ರೆಸ್ಸಿನವರು ನಾಗಪುರದಲ್ಲಿ ಸಹಕಾರಿ ಬೇಸಾಯದ ಠರಾವು ಮಾಡಿದರು. ರೈತರ ಜಮೀನು ಒಟ್ಟು ಮಾಡಿ ಬೇಸಾಯ ಮಾಡುವ ಯೋಚನೆ. ಅದೇ ವರ್ಷ ರಾಜಾಜಿ, ಅಂದರೆ ಸಿ. ರಾಜಗೋಪಾಲಾಚಾರಿ, 80 ದಾಟಿದ ವಯಸ್ಸಿನಲ್ಲಿ ಈ ಸ್ವತಂತ್ರ ಪಕ್ಷ ಕಟ್ಟಿದರು. ಪರ್ಮಿಟ್, ಲೈಸೆನ್ಸ್, ಕೋಟಾದ ರಾಜ್ಯ ಬೇಡ ಅಂದರು. ಮುದುಕನ ಹಟ ಅಂತ ನಕ್ಕವರೇ ಜಾಸ್ತಿ. 1967ರಲ್ಲಿ ಆ ಪಕ್ಷ ಲೋಕಸಭೆಯಲ್ಲಿ 44 ಸ್ಥಾನ ಗೆದ್ದಿತು. ನಮ್ಮ ಹಾಸನದಿಂದ ಗೆದ್ದವರೂ ಅದೇ ಪಕ್ಷದವರು.

ಅದಕ್ಕೂ ಮುಂಚೆ, 1952ರಲ್ಲಿ ರಾಜಾಜಿ ಮದ್ರಾಸಿನ ಮುಖ್ಯಮಂತ್ರಿಯಾದಾಗ ಆಹಾರ ಧಾನ್ಯದ ಕಂಟ್ರೋಲ್ ತೆಗೆದುಹಾಕಿದ್ದರು. ಅಧಿಕಾರ ಸಿಕ್ಕ ಕೂಡಲೇ ತನ್ನ ಕೈಯಲ್ಲಿದ್ದ ಅಧಿಕಾರವನ್ನೇ ಬಿಟ್ಟುಕೊಟ್ಟವರು ಎಷ್ಟು ಜನ ಸಿಗುತ್ತಾರೆ? ಮರುವರ್ಷ ಶಾಲೆಯ ವಿಷಯದಲ್ಲಿ ಅವರೇ ಎಡವಿದರು, ನೀನು ಹೇಳಿದ್ದು ಸರಿ. ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿರಲಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಅಂದರೆ ಜನ ಒಪ್ಪುತ್ತಾರಾ? ಯಾವ ಮಗು ಏನಾಗಬೇಕು ಅಂತ ಸರ್ಕಾರ ಹೇಳಲು ಹೋಯಿತು, ಜನ ತಿರುಗಿಬಿದ್ದರು. ನನ್ನ ಮಾತೂ ಅದೇ ತಾನೇ?

ದೇವರ ವಿಷಯಕ್ಕೆ ನೀನು ನಕ್ಕೆ. ನಕ್ಕಿದ್ದು ನನಗೆ ನೋವಾಯಿತು. ರಾಜಾಜಿಗೆ ಧರ್ಮ ಅಂದರೆ ವೇದಿಕೆಯ ಮೇಲಿನ ಮಾತಲ್ಲ, ಮನುಷ್ಯ ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿ. ಅಜ್ಜ ಅದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದರು. ಸರ್ಕಾರಕ್ಕಿಂತ ಮೇಲೆ ಯಾರೂ ಇಲ್ಲ ಅಂದುಕೊಂಡವನಿಗೆ ನಿಯಮವೇ ದೇವರಾಗುತ್ತದೆ ಅನ್ನುತ್ತಿದ್ದರು. ಗೃಹಪ್ರವೇಶದ ಪೂಜೆಯಲ್ಲಿ ಆ ಅಧಿಕಾರಿಗೂ ಒಳ್ಳೆಯದಾಗಲಿ ಅಂತ ಕೈಮುಗಿದರು. ನನಗೆ ಆಗ ಸಿಟ್ಟು ಬಂದಿತ್ತು. ನೀನು ದಿನಾ ದೀಪ ಹಚ್ಚು ಅನ್ನುವುದಿಲ್ಲ. ಫೈಲಿಗೆ ಸಹಿ ಹಾಕುವ ಮುಂಚೆ ನಿನಗಿಂತ ದೊಡ್ಡದಕ್ಕೆ ಒಮ್ಮೆ ಹೆದರು.

ತಹಸೀಲ್ದಾರ್ ಆದರೆ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ, ಜಮೀನು ಅಳೆದು ಭಾಗ ಮಾಡುವ ಪೋಡಿಗೆ ಬಂದ ಮುದುಕರನ್ನು ನಾಳೆ ಬನ್ನಿ ಅಂತ ಕಳಿಸಬೇಡ. ಸಕಾಲ ಕಾಯ್ದೆಯಲ್ಲಿ ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕು ಅಂತ ಗಡುವು ಇದೆ. ಕೊನೆಯ ದಿನದವರೆಗೆ ಯಾಕೆ ಕಾಯಬೇಕು? ಕಾನೂನು ಕೇಳದ ಕಾಗದವನ್ನು ನೀನೂ ಕೇಳಬೇಡ. ಕೈಯಲ್ಲಿರುವ ಅಧಿಕಾರವನ್ನೆಲ್ಲ ಸುಮ್ನೆ ಚಲಾಯಿಸಲೇಬೇಕು ಅಂತಿಲ್ಲ. ಅಮ್ಮ ಇದನ್ನು ಓದಿ, "ಮತ್ತೆ ಭಾಷಣ ಶುರು ಮಾಡಿದಿರಿ" ಅನ್ನುತ್ತಿದ್ದಾಳೆ. ಇರಲಿ.

ಗೇಣಿದಾರರ ಮಾತಿಗೆ ಉತ್ತರ ಕೊಡಬೇಕು. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ತರದಿದ್ದರೆ ಉಳುವವನಿಗೆ ಜಮೀನು ಸಿಗುತ್ತಿತ್ತಾ ಅಂತ ನೀನು ಕೇಳಿದೆ. ಸಿಗುತ್ತಿರಲಿಲ್ಲ. ಒಪ್ಪುತ್ತೇನೆ. ಆದರೆ ಅವರಿಗೆ ಸಿಕ್ಕಿದ್ದು ಏನು ಅಂತ ನೋಡು. ತಮ್ಮದೇ ಹೆಸರಿನ ಪಹಣಿ. ಇದು ನಿನ್ನದಲ್ಲ ಅಂತ ಇನ್ನು ಯಾರೂ ಅನ್ನಬಾರದು, ಜಮೀನ್ದಾರನೂ ಅನ್ನಬಾರದು, ಸರ್ಕಾರವೂ ಅನ್ನಬಾರದು. ಅಜ್ಜ ಕೇಳಿದ್ದೂ ಅಷ್ಟನ್ನೇ. ಇದರಲ್ಲಿ ನಿನಗೆ ತಪ್ಪು ಕಂಡರೆ ಬರೆದು ಕಳಿಸು, ನಾನು ಓದುತ್ತೇನೆ.

ಶನಿವಾರ ಜೀಪ್ ತಗೊಂಡು ಬೆಂಗಳೂರಿಗೆ ಬರುತ್ತೇನೆ. ರೂಮ್ ಖಾಲಿ ಮಾಡಿ ಪುಸ್ತಕ ಎಲ್ಲ ಕಟ್ಟಿಡು. ಮೈಸೂರಿನ ತರಬೇತಿ ಸಂಸ್ಥೆಗೆ ಬಸ್ಸಲ್ಲಿ ಹೋಗುತ್ತೇನೆ ಅಂತ ಹಟ ಮಾಡಬೇಡ, ನಾನೇ ಬಿಡುತ್ತೇನೆ.

ನಿನ್ನ,
ಅಪ್ಪ