ಗೋಡೆ ಬರೋ ಮುಂಚೆ

ಪುಟ್ಟಿ,

ನೀರಿಂದ ಎದ್ದ ತಕ್ಷಣ ಏನಾದರೂ ಹೇಳಿದರೆ ಬಾಲೇವಾಡಿ ಈಜುಕೊಳದಿಂದ ಕೋಥ್ರೂಡ್ ತನಕ ಸ್ಕೂಟರ್ ಹಿಂದೆ ಮೂತಿ ಊದಿಸಿಕೊಂಡು ಕೂರ್ತೀಯ. ಅದಕ್ಕೇ ಈ ಚೀಟಿ. ಟವೆಲ್ ಮಡಿಕೆಯಲ್ಲಿ ಇಟ್ಟಿದ್ದೀನಿ, ಒದ್ದೆ ಮಾಡಬೇಡ.

ನಿನ್ನೆ ಗ್ಯಾಲರಿಯಲ್ಲಿ ಕೂತು ಗೋಡೆ ಹತ್ತಿರ ಪಲ್ಟಿ ಹೊಡೆದು ತಿರುಗೋ ನಿನ್ನ ಎಂಟು ಟರ್ನ್ ಎಣಿಸಿದೆ. ಆರರಲ್ಲಿ ಅದೇ ತಪ್ಪು. ತಳದ ಕಪ್ಪು ಗೆರೆ ಮುಗಿದು ಅಡ್ಡಪಟ್ಟಿ ಬರುತ್ತಲ್ಲ, ಅಲ್ಲಿಂದ ಗೋಡೆಗೆ ಎರಡೇ ಮೀಟರ್. ಸರಿಯಾಗಿ ಅಲ್ಲೇ ಕತ್ತು ತಿರುಗಿಸಿ ಗಾಳಿ ಎಳೀತೀಯ. ತಲೆ ಎದ್ದರೆ ಸೊಂಟ ಇಳಿಯುತ್ತೆ, ವೇಗ ಹೋಗುತ್ತೆ. ಪಲ್ಟಿ ಹೊಡೆದಾಗ ಪಾದಕ್ಕೆ ಗೋಡೆ ಪೂರ್ತಿ ಸಿಗಲ್ಲ, ಬೆರಳ ತುದಿಯಲ್ಲಿ ತಳ್ಳಿ ಬರ್ತೀಯ.

ಉಸಿರು ಸಾಲಲ್ಲ ಅಂತೀಯ. ಮೊದಲೇ ಬಿಟ್ಟಿದ್ದರೆ ಸಾಲ್ತಿತ್ತು! ಎದೆ ಬಿಗಿಯೋದು ಹೆಚ್ಚಾಗಿ ಒಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್‌ನಿಂದ. ಕೋಚ್ ಸರ್ 'ಶ್ವಾಸ್ ಸೋಡ್', ಉಸಿರು ಬಿಡು ಅಂತ ಗಂಟಲು ಹರಿದುಕೊಳ್ಳೋದು ಅದಕ್ಕೇ. ಮರಾಠಿ ನನಗಿಂತ ಚೆನ್ನಾಗಿ ಬರುತ್ತೆ ನಿನಗೆ, ಇದೊಂದು ಮಾತ್ರ ಕಿವಿಗೆ ಬೀಳಲ್ಲ. ಮುಖ ನೀರಲ್ಲಿರುವಷ್ಟು ಹೊತ್ತೂ ಗುಳ್ಳೆ ಬಿಡ್ತಾ ಇರು. ಗೋಡೆಗೆ ಎರಡು ಮೂರು ಸ್ಟ್ರೋಕ್ ಇರುವಾಗಲೇ ಉಸಿರು ತಗೊಂಡುಬಿಡು. ಕೊನೆಯದಕ್ಕೆ ಕಣ್ಣು ತಳದ ಕಡೆ.

ಭಾನುವಾರ ನಾನೂ ಪಲ್ಟಿ ಹೊಡೆದು ನೋಡಿದೆ, ನಗಬೇಡ. ಮೂಗಿಂದ ನುಗ್ಗಿದ ಕ್ಲೋರಿನ್ ನೀರು ನೆತ್ತಿ ತನಕ ಉರಿಯಿತು. ಎರಡನೇ ಸಲ ತಿರುಗುವಾಗ ಮೂಗಲ್ಲೇ 'ಹ್ಮ್‌ಮ್' ಅಂತ ಗುನುಗಿದೆ, ಒಂದು ಹನಿ ಒಳಗೆ ಬರಲಿಲ್ಲ. ಊರ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನಿಗೆ ಈ ಉಪಾಯ ಯಾರೂ ಹೇಳಿರಲಿಲ್ಲ. ಅಲ್ಲಿ ಎರಡು ಕೈ ಬೀಸಿದರೆ ಎದುರುಗಡೆ ಕಲ್ಲು, ಹಿಡ್ಕೊಂಡು ಏದುಸಿರು ಬಿಡೋದೇ ನಮ್ಮ ಟರ್ನ್.

ಗೋಡೆ ತಳ್ಳಿದ ಮೇಲೂ ಆತುರ ಬೇಡ. ನಿಯಮದಲ್ಲಿ 15 ಮೀಟರ್ ತನಕ ಮುಳುಗಿರಬಹುದು, ನಿನಗೆ ಅಷ್ಟು ಬೇಡ. ಎರಡೂ ಕಾಲು ಜೋಡಿಸಿ ಹೊಡೆಯೋ ಡಾಲ್ಫಿನ್ ಕಿಕ್ ಮೂರು ನಾಲ್ಕು ಸಾಕು. ಮೇಲೆ ಬಂದ ಮೊದಲ ಸ್ಟ್ರೋಕ್‌ಗೆ ಮುಖ ಎತ್ತಬೇಡ, ಉಸಿರು ಎರಡನೆಯದಕ್ಕೆ.

ಒಂದು ಮಾತ್ರ ಕಟ್ಟುನಿಟ್ಟು. ಮುಳುಗೋ ಮುಂಚೆ ಜೋರು ಜೋರಾಗಿ ಉಸಿರೆಳೆದು, ಯಾರು ಹೆಚ್ಚು ಹೊತ್ತು ಒಳಗಿರ್ತಾರೆ ಅನ್ನೋ ಆಟ ಬೇಡ. ಹಾಗೆ ಮಾಡಿದರೆ ಉಸಿರಿಗೆ ಚಡಪಡಿಸೋ ಮುಂಚೆಯೇ ಪ್ರಜ್ಞೆ ತಪ್ಪಬಹುದು. ಗೆಳತಿಯರಿಗೂ ಹೇಳು.

ಬುಧವಾರ ಮತ್ತೆ ಎಣಿಸ್ತೀನಿ, ಬಾಯಿ ಬಿಡಲ್ಲ. ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಇದೆ.

ನಿನ್ನ ಅಪ್ಪ