ಮಗು ಯಾರ ಹತ್ತಿರ ಇತ್ತು?

ಪ್ರೀತಿಯ ತಂಗಿ,

ನಿನ್ನ ಕತೆಗಳ ಕಟ್ಟು ತಲುಪಿತು. ಜೊತೆಗಿಟ್ಟ ಪತ್ರವನ್ನೂ ಓದಿದೆ. ಬ್ಯಾಂಕ್ ಕೆಲಸ ಬಿಟ್ಟಿದ್ದೀಯ, ಕಾನೂನು ಓದುತ್ತಿದ್ದೀಯ, ಮನೆಗೆಲಸದ ಹೆಂಗಸರ ಸಂಘಕ್ಕಾಗಿ ಓಡಾಡುತ್ತೀಯ, ಮಗಳಿಗೆ ಇನ್ನೂ ಎರಡು ತುಂಬಿಲ್ಲ. ಇದರ ನಡುವೆ ಬರೆಯಲಾ, ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡುವವಳಾಗಿದ್ದರೆ ಇಷ್ಟು ಪುಟ ಬರೆದು ಕಳಿಸುತ್ತಿರಲಿಲ್ಲ, ಅಲ್ವಾ? ಎಷ್ಟು ಗಂಟೆಗೆ ಏಳಬೇಕು, ಕೈಯಲ್ಲಿ ಬರೆಯಬೇಕಾ ಮೊಬೈಲಲ್ಲಾ ಅನ್ನುವುದನ್ನೆಲ್ಲ ನೀನೇ ನೋಡಿಕೋ. ಕೂಸಿರುವ ಮನೆಯಲ್ಲಿ ಅದನ್ನೆಲ್ಲ ತೀರ್ಮಾನ ಮಾಡುವುದು ಕೂಸು.

ನನಗೆ ಸಿಟ್ಟು ಬಂದದ್ದು ನಿನ್ನ ಮೂರನೇ ಕತೆ ಓದಿ. ಮೊದಲ ಪುಟದಲ್ಲಿ ನಾಯಕಿಯ ಸೊಂಟದ ಮೇಲೆ ಮಗು ಇದೆ, ಅದಕ್ಕೆ ಜ್ವರ ಬೇರೆ. ಎರಡನೇ ಪುಟದಲ್ಲಿ ಅವಳು ಧರಣಿಗೆ ಹೊರಡುತ್ತಾಳೆ. ಆಮೇಲೆ ಘೋಷಣೆ, ಪೊಲೀಸರು, ಭಾಷಣ, ಗೆಲುವು. ಮಗು ಎಲ್ಲಿ ಹೋಯಿತು? ಜ್ವರ ಇಳಿಯಿತಾ? ಯಾರ ಕೈಗೆ ಕೊಟ್ಟು ಹೋದಳು, ತೆಗೆದುಕೊಳ್ಳುವಾಗ ಅವರ ಮುಖ ಹೇಗಿತ್ತು, ಧರಣಿಯಲ್ಲಿ ಕೂತಾಗ ಅವಳು ಎಷ್ಟು ಸಲ ಫೋನ್ ತೆಗೆದು ನೋಡಿದಳು? ಒಂದು ಸಾಲೂ ಇಲ್ಲ. ನಿನಗೆ ಗೊತ್ತಿಲ್ಲದ ವಿಷಯವೇ ಅದು? ಹೋರಾಟದ ಕತೆಯಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಅಂತ ನಿನಗೆ ಯಾರೋ ಹೇಳಿಕೊಟ್ಟಿದ್ದಾರೆ.

ನನಗೂ ಹೇಳಿದ್ದರು. ಆಗ ಮಗಳನ್ನು ಎತ್ತಿಕೊಂಡೇ ಸಭೆಗಳಿಗೆ ಹೋಗುತ್ತಿದ್ದೆ. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹಿರಿಯರೊಬ್ಬರಿದ್ದರು. ಮಗು ಅತ್ತರೆ ಸಾಕು, ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು, ನಾನು ಎದ್ದು ಹೊರಗೆ ಹೋಗುವವರೆಗೂ. ಮುಖ್ಯ ತೀರ್ಮಾನಗಳೆಲ್ಲ ಆಗುತ್ತಿದ್ದದ್ದು ನಾನು ವರಾಂಡದಲ್ಲಿ ಮಗುವಿನ ಬೆನ್ನು ತಟ್ಟುತ್ತಾ ನಿಂತಾಗ. ಅದನ್ನೇ ಕತೆ ಮಾಡಿ ಒಂದು ಪತ್ರಿಕೆಗೆ ಕಳಿಸಿದೆ. 'ಇದು ಮನೆಮಕ್ಕಳ ಗೋಳು, ಚಳವಳಿಯ ಕತೆ ಇದ್ದರೆ ಕೊಡಿ' ಅಂತ ವಾಪಸ್ ಬಂತು. ಆ ಸಂಪಾದಕರು ಈಗಿಲ್ಲ. ನನ್ನ ಸಿಟ್ಟು ಮಾತ್ರ ಚೆನ್ನಾಗಿಯೇ ಇದೆ.

ಅಮೆರಿಕದ ಗ್ರೇಸ್ ಪೇಲಿಯನ್ನು ಓದು. ಇಬ್ಬರು ಮಕ್ಕಳ ತಾಯಿ, ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಿಳಿದು ಜೈಲು ಕಂಡವರು. ಕಥಾಸಂಕಲನ ತಂದದ್ದು ಮೂರೇ ಮೂರು: 1959ರಲ್ಲಿ, 1974ರಲ್ಲಿ, 1985ರಲ್ಲಿ. ಅವರ ಒಂದು ಕತೆ ಇಡೀ ಪಾರ್ಕಿನಲ್ಲೇ ನಡೆಯುತ್ತದೆ. ತಾಯಂದಿರು ಹರಟುತ್ತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ಯುದ್ಧ ಬೇಡ ಅನ್ನುವ ಒಂದಷ್ಟು ಜನ ಫಲಕ ಹಿಡಿದು ಬರುತ್ತಾರೆ. ಪೊಲೀಸಿನವನು ಅವರನ್ನು ಸಾಗಹಾಕುತ್ತಾನೆ, ದೊಡ್ಡವರು ಹೆಚ್ಚೇನೂ ಮಾಡುವುದಿಲ್ಲ. ರೊಚ್ಚಿಗೇಳುವುದು ನಾಯಕಿಯ ಮಗ. ಸೀಮೆಸುಣ್ಣ ತೆಗೆದುಕೊಂಡು ಫಲಕದಲ್ಲಿದ್ದ ಮಾತನ್ನು ನೆಲದ ತುಂಬ ಬರೆದುಬಿಡುತ್ತಾನೆ. ಅವಳು ಬದಲಾಗುವುದು ಅಲ್ಲಿಂದ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೆ ಆ ಕತೆಯೇ ಹುಟ್ಟುತ್ತಿರಲಿಲ್ಲ.

ಕೆಲಸ ಬದಲಿಸಿದ್ದಕ್ಕೆ ಅಷ್ಟೊಂದು ಯಾಕೆ ಹಳಹಳಿಸುತ್ತೀಯ? 'ಬ್ಯಾಂಕಿನಲ್ಲಿ ಕಳೆದ ವರ್ಷಗಳು ದಂಡ' ಅಂತ ಬರೆದಿದ್ದೀಯ. ಸುಮ್ನೆ ಇರು. ನಿನ್ನ ಕಟ್ಟಿನಲ್ಲಿ ನಾನು ಎರಡು ಸಲ ಓದಿದ ಸಾಲು ಬಂದದ್ದು ಆ ಕೌಂಟರಿನಿಂದಲೇ. ಗಂಡನ ಸಾಲಕ್ಕೆ ಜಾಮೀನು ಹಾಕಲು ಬಂದ ಹೆಂಗಸು ಹೆಬ್ಬೆಟ್ಟು ಒತ್ತುವ ಮುಂಚೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಕಾಗದ ಕೊಳೆಯಾದೀತು ಅಂತ. ಕಾನೂನು ಪುಸ್ತಕದಲ್ಲಿ ಇದು ಸಿಗುವುದಿಲ್ಲ. ಬಾನು ಮುಷ್ತಾಕ್ ವರದಿಗಾರ್ತಿಯಾಗಿದ್ದರು, ವಕೀಲರಾದರು, ಬಂಡಾಯ ಸಾಹಿತ್ಯ ಚಳವಳಿಯಲ್ಲಿದ್ದರು. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದದ್ದು 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಆಯ್ದ 12 ಕತೆಗಳಿಗೆ, ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೆ ತಂದ ಮೇಲೆ. ನೀನು ಮೂವತ್ತೈದಕ್ಕೇ 'ತಡವಾಯಿತು' ಅಂತ ಅಳುತ್ತಿದ್ದೀಯ. ಪ್ರಶಸ್ತಿ ಬರುತ್ತದೆ ಅಂತ ಆಸೆ ಹುಟ್ಟಿಸುತ್ತಿಲ್ಲ, ಲೆಕ್ಕ ಹಾಕಿ ನೋಡು ಅಂತಿದ್ದೇನೆ.

ಮೂರನೇ ಕತೆಯನ್ನು ಸಂಘದ ಸಭೆಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು ಅಂತಲೂ ಬರೆದಿದ್ದೀಯ. ಬೀಳದೆ ಏನು? ಅವರಿಗೆ ಆ ಧರಣಿ ಮತ್ತೆ ಕಣ್ಣಿಗೆ ಕಟ್ಟಿತು, ಗೆದ್ದದ್ದು ನೆನಪಾಯಿತು. ಅವರ ಪ್ರೀತಿ ದೊಡ್ಡದು, ಇಟ್ಟುಕೋ. ಆದರೆ ಅಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬಳನ್ನು ಪಕ್ಕಕ್ಕೆ ಕರೆದು ಕೇಳು: ಆವತ್ತು ನಿನ್ನ ಮಕ್ಕಳು ಎಲ್ಲಿದ್ದರು? ಬೇರೆಯವರ ಮಕ್ಕಳನ್ನು ಆಡಿಸುವುದೇ ಅವರಲ್ಲಿ ಎಷ್ಟೋ ಜನರ ಕೆಲಸ. ತಮ್ಮ ಮಕ್ಕಳನ್ನು ದೊಡ್ಡ ಮಗಳ ಕೈಗೆ ಒಪ್ಪಿಸಿ, ಅವಳ ಶಾಲೆ ತಪ್ಪಿಸಿ ಬಂದವರು ಇರುತ್ತಾರೆ. ಆ ಹುಡುಗಿ ನಿನ್ನ ಕತೆಯಲ್ಲಿಲ್ಲ. ನಿಮ್ಮ ಸಂಘದ ಕರಪತ್ರದಲ್ಲೂ ಇರಲಿಕ್ಕಿಲ್ಲ, ಅಲ್ಲಿ ಅವಳ ಬಗ್ಗೆ ಬರೆಯುವುದು ಮುಜುಗರ. ಕತೆಗೆ ಯಾವ ಮುಜುಗರ?

ಇನ್ನು ಮಗಳ ಮೇಲೆ ರೇಗಿ ಆಮೇಲೆ ಬಾತ್‌ರೂಮಿನಲ್ಲಿ ಅತ್ತ ವಿಷಯ. ಪತ್ರದಲ್ಲಿ ನನಗೆ ಹೇಳಿದ್ದೀಯ, ಕತೆಯಲ್ಲಿ ನಿನ್ನ ತಾಯಂದಿರು ಯಾರೂ ರೇಗುವುದಿಲ್ಲ. ಯಾಕಮ್ಮಾ?

ಪ್ರಕಾಶಕರ ನಂಬರ್ ಕೇಳಿದ್ದೀಯ. ಈಗ ಕೊಡುವುದಿಲ್ಲ, ಮುನಿಸಿಕೊಂಡರೂ ಪರವಾಗಿಲ್ಲ. ಮೂರನೇ ಕತೆಯನ್ನು ಎರಡನೇ ಪುಟದಿಂದ ಮತ್ತೆ ಬರೆದು ಕಳಿಸು. ನಿಧಾನವಾಗಲಿ, ನನಗೇನೂ ಆತುರ ಇಲ್ಲ. ಪರೀಕ್ಷೆ ಮುಗಿದ ಮೇಲಾದರೂ ಸರಿ.

ಪ್ರೀತಿಯಿಂದ,
ಅಕ್ಕ